ಕೆಂಡ ತಂದವರು ಯಾರು

ಇವತ್ತು ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದೆ, ಬೆಲ್ಲ ಕಾಯುವ ವಾಸನೆ ಬಂತು. ಅಂಥ ವಾಸನೆ ಬಂದರೆ ನೀವಾದರೆ ಅಡುಗೆಮನೆಯ ಕಡೆ ಮೂಗು ತಿರುಗಿಸುತ್ತೀರಿ. ನಾನು ಹಿಡಿಸೂಡಿಯನ್ನು ಅಲ್ಲೇ ಹಾಕಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ದನದ ಹಟ್ಟಿಯ ಹಿಂದಿನ ಹುಲ್ಲಿನ ಕುತ್ರಿಯ ಹತ್ತಿರ ಹೋದೆ. ಹೋಗಿ ಬಲಗೈಯನ್ನು ಹೆಗಲಿನವರೆಗೆ ಅದರ ಹೊಟ್ಟೆಗೆ ತೂರಿಸಿದೆ. ನಮ್ಮ ಕಡೆ ಕುತ್ರಿ ಎಂದರೆ ಒಣಹುಲ್ಲನ್ನು ಸುತ್ತಲೂ ಜೋಡಿಸಿ ಏರಿಸಿದ ಗುಡ್ಡೆ. ಘಟ್ಟದ ಮೇಲಿನವರು ಅದಕ್ಕೆ ಬಣವೆ ಅನ್ನುತ್ತಾರಂತೆ. ಏನಾದರೂ ಅನ್ನಲಿ, ಒಳಗೆ ಕೈ ಹಾಕಿ ನೋಡುವವರು ಕಡಿಮೆ. ಒಂದು ಸಲ ಹಾಗೆ ನೋಡದೆ ಇದ್ದದ್ದಕ್ಕೆ ನಾನು ಎಷ್ಟೋ ವರ್ಷ ಬೆಂಕಿ ಇಟ್ಟವಳು ಅನ್ನುವ ಹೆಸರು ಹೊತ್ತುಕೊಂಡು ಓಡಾಡಿದ್ದೇನೆ.

ಅದನ್ನೇ ಹೇಳೋಣ ಅಂತ ಕೂತಿದ್ದೇನೆ. ನಡುವೆ ನಕ್ಷತ್ರಗಳೂ ಬರುತ್ತವೆ. ಹುಲ್ಲಿಗೂ ನಕ್ಷತ್ರಕ್ಕೂ ಎಂಥ ಸಂಬಂಧ ಅಂತ ಈಗಲೇ ಕೇಳಬೇಡಿ. ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಆಮೇಲೆ ತಂಗಿಯನ್ನು ಎತ್ತಿಕೊಳ್ಳುವ ಕೆಲಸ ಸಿಕ್ಕಿತು. ಹಾಗಾಗಿ ನಾನು ಹೇಳುವುದು ನನ್ನ ದಾರಿಯಲ್ಲೇ ಬರಬೇಕು.

ತೊಂಬತ್ತೇಳನೇ ಇಸವಿ. ತೆಕ್ಕಟ್ಟೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಆ ವರ್ಷವೇ ನಮ್ಮನೆಯವರೂ ಅವರ ಅಣ್ಣನೂ ಪಾಲಾಗಿದ್ದರು. ದೊಡ್ಡ ಜಗಳವೇನಲ್ಲ, ಅಡುಗೆಮನೆಯ ನಡುವೆ ಒಂದು ಗೋಡೆ ಎದ್ದಿತು, ಅಷ್ಟೆ. ಗೋಡೆಯ ಆಚೆ ಅಕ್ಕನ ಒಲೆ, ಈಚೆ ನನ್ನ ಒಲೆ. ಅಕ್ಕ ಎಂದರೆ ಭಾವನ ಹೆಂಡತಿ, ನನ್ನ ಓರಗಿತ್ತಿ, ಒಡಹುಟ್ಟಿದವರಲ್ಲ. ಗೋಡೆಯನ್ನು ಮಾಡಿನವರೆಗೆ ಏರಿಸುವಷ್ಟು ಕಲ್ಲು ಇಲ್ಲದೆ ಮೇಲೆ ಒಂದು ಸಂದು ಉಳಿದಿತ್ತು. ಅದರಲ್ಲಿ ಅವರ ಒಗ್ಗರಣೆ ನನ್ನ ಕಡೆ ಬರುತ್ತಿತ್ತು, ನನ್ನದು ಅವರ ಕಡೆ ಹೋಗುತ್ತಿತ್ತು. ಯಾರ ಮನೆಯಲ್ಲಿ ಏನು ಬೇಯುತ್ತಿದೆ ಅಂತ ಇಬ್ಬರಿಗೂ ಗೊತ್ತು. ಇಬ್ಬರೂ ಬಾಯಿಬಿಟ್ಟು ಕೇಳುವವರಲ್ಲ.

ಒಲೆ ಎರಡಾದರೂ ಹೊಸ್ತಿನ ದಿನ ಮಾತ್ರ ಒಂದೇ. ಹೊಸ ಕದಿರನ್ನು ಮನೆಗೆ ತಂದು ಹೊಸ ಅಕ್ಕಿ ಬೇಯಿಸಿ ಉಣ್ಣುವ ದಿನ ಅದು. ಆವತ್ತಿನ ಒಲೆಯನ್ನು ಒಂದು ವರ್ಷ ದೊಡ್ಡ ಸೊಸೆ ಹೊತ್ತಿಸಬೇಕು, ಮರುವರ್ಷ ಸಣ್ಣ ಸೊಸೆ. ಅತ್ತೆ ಮಾಡಿಟ್ಟು ಹೋದ ಕಟ್ಟಳೆ. ನಮ್ಮ ಅತ್ತೆ ಸೊಸೆಯಂದಿರಿಗೆ ಚಿನ್ನ ಕೊಟ್ಟವರಲ್ಲ, ಒಳ್ಳೆಯ ಮಾತು ಕೊಟ್ಟವರೂ ಅಲ್ಲ. ಕೊಟ್ಟದ್ದು ಇದೊಂದು ಸರದಿ. ಅದಕ್ಕೇ ಅದು ನಮಗೆ ದೊಡ್ಡದು.

ಆ ವರ್ಷ ಕೊಯ್ಲಿನ ಹೊತ್ತಿಗೆ ಮಳೆ ಬಿಡಲಿಲ್ಲ. ಹುಲ್ಲು ಸರಿಯಾಗಿ ಒಣಗಲಿಲ್ಲ. ನಡುವೆ ಒಂದಿಷ್ಟು ಬಿಸಿಲು ಬಂದದ್ದೇ ಭಾವ ಕುತ್ರಿ ಹಾಕಿಸಲು ಹೊರಟರು. ನೀರು ನಿಲ್ಲದ ಎತ್ತರದ ಜಾಗ ನಮಗೆ ಇದ್ದದ್ದು ಒಂದೇ, ಆದ್ದರಿಂದ ಎರಡು ಪಾಲಿನ ಹುಲ್ಲೂ ಒಂದೇ ಕುತ್ರಿಗೆ ಹೋಯಿತು. ನಡುವೆ ಒಂದು ಕಂಬ ನೆಟ್ಟು, ಸುತ್ತ ಹುಲ್ಲು ಇಡುತ್ತಾ, ಮೇಲೆ ನಿಂತು ತುಳಿಯುತ್ತಾ ಏರಿಸುವುದು. ಏರಿದ ಮೇಲೆ ಕಂಬ ಕಾಣುವುದಿಲ್ಲ. ಊರಿನಲ್ಲಿ ಅಷ್ಟು ದೊಡ್ಡ ಕುತ್ರಿ ಇರಲಿಲ್ಲ. ಭಾವ ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ತೋರಿಸುತ್ತಿದ್ದರು, ಮಗನ ಮದುವೆಯ ಚಪ್ಪರ ತೋರಿಸುವ ಹಾಗೆ.

ಕೆಲವು ವಾರ ಕಳೆದಿರಬೇಕು. ಒಂದು ದಿನ ಬೆಲ್ಲ ಕಾಯುವ ವಾಸನೆ ಬಂತು. ನನಗೆ ಯಾವ ಅನುಮಾನವೂ ಇಲ್ಲ, ಅಕ್ಕ ಹಾಲುಬಾಯಿ ಮಾಡುತ್ತಿದ್ದಾರೆ. ಹಾಲುಬಾಯಿ ನಿಮಗೆ ಗೊತ್ತಿರಬಹುದು, ಅಕ್ಕಿ ರುಬ್ಬಿ ತೆಂಗಿನ ಹಾಲು ಬೆಲ್ಲ ಹಾಕಿ, ರಟ್ಟೆ ಬೀಳುವ ತನಕ ತೊಳಸಿ ಮಾಡುವ ಸಿಹಿ. ಅದನ್ನು ಮಾಡಿದರೆ ನೆರೆಮನೆಗೆ ಒಂದು ತುಂಡಾದರೂ ಕಳಿಸದೆ ಇರುವವರು ನಮ್ಮಲ್ಲಿ ಇಲ್ಲ. ಗೋಡೆ ಎದ್ದ ವರ್ಷವೇ ಬಾಗಿಲು ಹಾಕಿಕೊಂಡು ತಿನ್ನುವ ಮಟ್ಟಕ್ಕೆ ಬಂತಲ್ಲ ಅಂತ ಹೊಟ್ಟೆ ಉರಿಯಿತು. ಮರುದಿನವೂ ಅದೇ ವಾಸನೆ, ಸ್ವಲ್ಪ ಸೀದ ಹಾಗೆ. ತಳ ಹಿಡಿಸಿದ್ದಾರೆ, ಹಾಗೇ ಆಗಬೇಕು ಅಂದುಕೊಂಡೆ.

ಅದೇ ದಿನ ಮುಸ್ಸಂಜೆ ಕರೆಂಟು ಹೋಯಿತು. ಬೆಂಕಿಪೊಟ್ಟಣ ಥಂಡಿ ಹಿಡಿದು ಒಂದು ಕಡ್ಡಿಯೂ ಹತ್ತಲಿಲ್ಲ. ಬಚ್ಚಲ ಒಲೆಗೆ ಬೆಂಕಿ ಬೇಕಲ್ಲ. ಕೆಳಗಿನ ಮನೆಗೆ ಹೋಗಿ ತೆಂಗಿನ ಚಿಪ್ಪಿನ ಗೆರಟೆಯಲ್ಲಿ ಎರಡು ಕೆಂಡ ಕೇಳಿ ತಂದೆ. ಬರುವಾಗ ಹಟ್ಟಿಯಲ್ಲಿ ಎಮ್ಮೆ ಕೂಗಿತು. ಗೆರಟೆಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟು, ಕುತ್ರಿಯಿಂದ ಹುಲ್ಲು ಹಿರಿಯಲು ಹೋದೆ. ಮೊದಲ ಹಿಡಿ ತಣ್ಣಗಿತ್ತು. ಮತ್ತೊಂದು ಹಿಡಿ ಬೆಚ್ಚಗಿತ್ತು. ಇನ್ನೂ ಒಳಗೆ ಕೈ ಹಾಕಿದೆ, ಚರ್ಮ ಸುಟ್ಟಿತು.

ಕೈ ಎಳೆದ ತೂತಿನಲ್ಲಿ ನಾನು ಕಂಡದ್ದನ್ನು ಈಗಲೂ ಹಾಗೆಯೇ ಹೇಳಬಲ್ಲೆ. ಹೊರಗೆ ಹುಲ್ಲು ಥಂಡಿ, ಮೇಲೆ ಇಬ್ಬನಿ ಕೂತಿದೆ. ತೂತಿನ ಬಾಯಿ ಕಪ್ಪು. ಕಪ್ಪಿನ ಆಚೆ, ದೂರದಲ್ಲಿ, ಕೆಂಪು. ಜ್ವಾಲೆಯಿಲ್ಲ, ಸದ್ದಿಲ್ಲ. ಯಾರಿಗೂ ಹೇಳದೆ ಎಷ್ಟು ದಿನದಿಂದ ಹಾಗೆ ಕೂತಿತ್ತೋ. ಓಡಬೇಕು ಅಂತ ನನಗೆ ಹೊಳೆಯಲೇ ಇಲ್ಲ, ನೋಡುತ್ತಾ ನಿಂತೆ. ಅಷ್ಟರಲ್ಲಿ ತೂತಿನಿಂದ ಗಾಳಿ ಒಳಗೆ ಹೋಗಿ ಕುತ್ರಿ ಒಮ್ಮೆಲೇ ಹೊತ್ತಿಕೊಂಡಿತು.

ಅಕ್ಕ ಕೊಡಪಾನ ಹಿಡಿದುಕೊಂಡು ಹೊರಗೆ ಬಂದರು. ಅವರು ನೋಡಿದ್ದೇನು? ಉರಿಯುವ ಕುತ್ರಿ, ಎದುರಿಗೆ ನಾನು, ಕಲ್ಲಿನ ಮೇಲೆ ಕೆಂಡದ ಗೆರಟೆ.

"ಹುಲ್ಲಿನ್ ಬುಡಕ್ಕೆ ಕೆಂಡ ತಂದ್ಯಲ್ಲೆ" ಅಂದರು. ಬೊಬ್ಬೆ ಹೊಡೆಯಲಿಲ್ಲ. ಹೊಡೆದಿದ್ದರೆ ನಾನೂ ಹೊಡೆಯಬಹುದಿತ್ತು.

ಕೆಂಡ ಗೆರಟೆಯಲ್ಲೇ ಇದೆ, ಕಲ್ಲಿನ ಮೇಲೇ ಇದೆ, ಬೆಂಕಿ ಒಳಗಿನಿಂದ ಬಂತು ಅಂತ ನಾನು ಹೇಳಿದೆ. ಹುಲ್ಲಿನೊಳಗೆ ಬೆಂಕಿ ಹುಟ್ಟುವುದು ಅಂದರೆ ಯಾರು ನಂಬುತ್ತಾರೆ? ಸುಳ್ಳು ಹೇಳುವುದಾದರೆ ಸ್ವಲ್ಪ ಚಂದ ಮಾಡಿ ಹೇಳಬಾರದಾ ಅನ್ನುವ ಹಾಗೆ ಎಲ್ಲರೂ ನೋಡಿದರು. ಒಂದಿಷ್ಟು ದಿನ ಕಳೆದ ಮೇಲೆ ನನಗೇ ನನ್ನ ಮೇಲೆ ಅನುಮಾನ ಬಂತು. ಗಾಳಿಗೆ ಒಂದು ಕಿಡಿ ಹಾರಿತೋ ಏನೋ. ಬೇರೆಯವರು ಹೇಳಿದ್ದು ಕಿವಿಯಲ್ಲಿ ನಿಲ್ಲುತ್ತದೆ, ನಾವೇ ನಮಗೆ ಹೇಳಿಕೊಂಡದ್ದು ನೆತ್ತಿಯ ಮೇಲೆ ಕೂರುತ್ತದೆ.

ಆ ಬೇಸಗೆಗೆ ಹುಲ್ಲಿಲ್ಲ. ಅಕ್ಕನ ಎಮ್ಮೆಯನ್ನು ಅವರ ತವರಿಗೆ, ವಂಡ್ಸೆಗೆ, ಹೊಡೆದುಕೊಂಡು ಹೋದರು. ಅದು ಅಕ್ಕ ಕರುವಾಗಿನಿಂದ ಸಾಕಿದ ಎಮ್ಮೆ. ಮತ್ತೆ ವಾಪಸು ಬರಲಿಲ್ಲ. ಮರುವರ್ಷದ ಹೊಸ್ತು ನನ್ನ ಸರದಿ. ನಾನು ಮಿಂದು ಬರುವಷ್ಟರಲ್ಲಿ ಅಕ್ಕ ಒಲೆ ಹೊತ್ತಿಸಿ ಆಗಿತ್ತು. ಇವಳ ಕೈಯಲ್ಲಿ ಬೆಂಕಿ ಬೇಡ ಅಂತ ಯಾರಿಗೋ ಹೇಳುವುದು ಕೇಳಿತು. ನಾನು ಅಳಲಿಲ್ಲ. ಸೌತೆಕಾಯಿ ಹೆಚ್ಚಿದೆ. ಮುಂದಿನ ಹೊಸ್ತುಗಳಲ್ಲೂ ಸೌತೆಕಾಯಿಯೇ. ಮಾತು ಬಿಟ್ಟಿದ್ದೆವು ಅಂತ ಅಲ್ಲ, ಉಪ್ಪು ಉಂಟಾ, ಕರು ಬಿಚ್ಚಿತಾ, ಇಷ್ಟು ನಡೆಯುತ್ತಿತ್ತು. ಭಾವ ಹೋದರು, ನಮ್ಮನೆಯವರು ಹೋದರು, ಅಕ್ಕನ ಮಗ ಗದ್ದೆ ನೋಡಿಕೊಳ್ಳುವಷ್ಟು ದೊಡ್ಡವನಾದ. ಹೊಸ್ತಿನ ಒಲೆ ಮಾತ್ರ ನನಗೆ ಬರಲಿಲ್ಲ.

ಈಗ ನಕ್ಷತ್ರಕ್ಕೆ ಬರೋಣ.

ನನ್ನ ಮಗಳ ಮಗಳು ಅಶ್ವಿನಿ. ಬೈಂದೂರಿನಿಂದ ದಿನಾ ಬಸ್ಸು ಹತ್ತುವುದು ಕಷ್ಟ ಅಂತ ನನ್ನ ಮನೆಯಲ್ಲಿ ಇದ್ದುಕೊಂಡು ಕುಂದಾಪುರದಲ್ಲಿ ಕಾಲೇಜು ಓದುತ್ತಿದ್ದಳು. ಒಂದು ಸಲ ಅವಳ ಕಾಲೇಜಿನಲ್ಲಿ ಭಾಷಣದ ಸ್ಪರ್ಧೆ. ವಿಜ್ಞಾನದ ಒಂದು ವಿಷಯವನ್ನು ಯಾರಿಗೂ ಅರ್ಥವಾಗುವ ಹಾಗೆ ಹೇಳಬೇಕಂತೆ. ಇವಳು ತೆಗೆದುಕೊಂಡದ್ದು, ಮೊಟ್ಟಮೊದಲ ನಕ್ಷತ್ರಗಳು ಹೇಗೆ ಹುಟ್ಟಿದವು ಅಂತ. ಸಂಜೆ ದೀಪ ಇಟ್ಟ ಮೇಲೆ ನನ್ನನ್ನು ಜಗುಲಿಯಲ್ಲಿ ಕೂರಿಸಿ, ತಾನು ಅಂಗಳದಲ್ಲಿ ನಿಂತಳು.

"ನಿಮ್ಗ್ ಅರ್ಥ ಆದ್ರೆ ಸಾಕ್ ಅಮ್ಮಮ್ಮ, ಮತ್ತ್ ಎಲ್ರಿಗೂ ಅರ್ಥ ಆತ್ತ್."

"ಹೌದೆ, ಊರಗೆ ದಡ್ಡಿ ಅಂದ್ರೆ ನಾನೊಬ್ಳೆ ಅಲ್ದಾ" ಅಂದೆ. ನಕ್ಕಳು; ಅಲ್ಲ ಅಂತ ಹೇಳಲಿಲ್ಲ.

ಕರೆಂಟು ಹೋಗಿತ್ತು. ನಮ್ಮ ಕರೆಂಟಿಗೆ ಸಮಯದ ತಿಳಿವಳಿಕೆ ಚೆನ್ನಾಗಿದೆ. ಅವಳು ಹೇಳಿದ್ದನ್ನು ನನಗೆ ನೆನಪಿರುವಷ್ಟು ಹೇಳುತ್ತೇನೆ. ಮೊದಮೊದಲು ಎಲ್ಲವೂ ಬಿಸಿಯಂತೆ, ಉಸಿರು ಹಿಡಿಯದಷ್ಟು ಬಿಸಿ. ಆಮೇಲೆ ಹಿಗ್ಗುತ್ತಾ ಹಿಗ್ಗುತ್ತಾ ತಣಿಯಿತು. ತಣಿದು ಕತ್ತಲಾಯಿತು. ನಮ್ಮ ಅಮಾವಾಸ್ಯೆಯ ಕತ್ತಲಲ್ಲ. ಅಮಾವಾಸ್ಯೆಯಲ್ಲಿ ಚಂದ್ರ ಇಲ್ಲದಿದ್ದರೆ ನಕ್ಷತ್ರವಾದರೂ ಇರುತ್ತದೆ. ಆಗ ದೀಪ ಅನ್ನುವ ವಸ್ತು ಎಲ್ಲಿಯೂ ಒಂದೂ ಇರಲಿಲ್ಲ. ಕೋಟಿಗಟ್ಟಲೆ ವರ್ಷ ಹಾಗೇ ಇತ್ತಂತೆ. ಆ ಕತ್ತಲಲ್ಲಿ ಇದ್ದದ್ದು ಹೆಚ್ಚುಕಡಿಮೆ ಎರಡೇ ಬಗೆಯ ಹಗುರ ಗಾಳಿ. ಕಬ್ಬಿಣ ಇಲ್ಲ, ಮಣ್ಣು ಇಲ್ಲ, ಸುಣ್ಣ ಇಲ್ಲ, ನೀರು ಕೂಡ ಇಲ್ಲ.

ಆ ಗಾಳಿ ಎಲ್ಲ ಕಡೆ ಒಂದೇ ಸಮ ಹರಡಿರಲಿಲ್ಲವಂತೆ. ಒಂದು ಕಡೆ ಕೂದಲೆಳೆಯಷ್ಟು ಹೆಚ್ಚು, ಇನ್ನೊಂದು ಕಡೆ ಅಷ್ಟು ಕಡಿಮೆ. ಹೆಚ್ಚು ಇದ್ದ ಕಡೆ ಭಾರ ಹೆಚ್ಚು, ಅದು ಅಕ್ಕಪಕ್ಕದ್ದನ್ನು ಎಳೆದುಕೊಂಡಿತು. ಎಳೆದುಕೊಂಡದ್ದಕ್ಕೆ ಇನ್ನೂ ಭಾರವಾಗಿ ಇನ್ನೂ ಎಳೆಯಿತು. ಜೊತೆಗೆ ಕಣ್ಣಿಗೆ ಕಾಣದ ಬೇರೆ ಒಂದು ಭಾರವೂ ಉಂಟಂತೆ, ಅದು ಮೊದಲು ಗುಡ್ಡೆಯಾಯಿತು, ಗಾಳಿ ಅದರ ಸುತ್ತ ಸೇರಿತು. ಅದು ಏನು ಅಂತ ದೊಡ್ಡದೊಡ್ಡವರಿಗೂ ಇನ್ನೂ ತಿಳಿದಿಲ್ಲವಂತೆ. ಕುತ್ರಿಯ ನಡುವಿನ ಕಂಬದ ಹಾಗೆ ಅಂದೆ ನಾನು. ಕಂಬ ಅಲ್ಲ ಅಮ್ಮಮ್ಮ, ಸುಮ್ಮನೆ ಕೇಳಿ ಅಂತ ಗದರಿದಳು.

ಕೇಳಿದೆ. ಗುಡ್ಡೆ ದೊಡ್ಡದಾಗುತ್ತಾ ಬಂತು, ಒಳಗೆ ಒತ್ತಡ ಏರಿತು, ಒಂದು ದಿನ ಹೊತ್ತಿಕೊಂಡಿತು ಅಂತ ಅವಳು ಕೈಯನ್ನು ಆಕಾಶಕ್ಕೆ ಎತ್ತಿದಳು. ಅಲ್ಲಿ ನಾನು ತಡೆದೆ.

"ಅದೆಲ್ಲ ಸೈ. ಕೆಂಡ ತಂದದ್ ಯಾರ್?"

"ಯಾರೂ ತರ್ಲಿಲ್ಲೆ ಅಮ್ಮಮ್ಮ. ತನ್ನ ಭಾರಕ್ಕೆ ತಾನೇ ಒತ್ತಿ ಒತ್ತಿ, ನಡು ಬಿಸಿ ಆಯಿ, ಹೊತ್ಕಂಡ್ತ್."

"ಸುಳ್ಳ್ ಹೇಳ್ಬೇಡ ಹೆಣೆ. ಕೆಂಡ ಇಲ್ದೆ ಬೆಂಕಿ ಆತ್ತಾ?"

"ಆತ್ತ್" ಅಂದಳು. ಎಷ್ಟು ಸಲೀಸಾಗಿ ಅಂದಳು ಅಂದರೆ, ನನ್ನ ಬಲಗೈಯ ಹಳೆಯ ಕಲೆ ಒಮ್ಮೆ ಚುರ್ ಅಂದ ಹಾಗಾಯಿತು.

ಆಮೇಲೆ ಅವಳು ಹೇಳಿದ್ದು ಇನ್ನೂ ದೊಡ್ಡದು. ಆ ಮೊದಲ ನಕ್ಷತ್ರಗಳು ಈಗಿನವುಗಳ ಹಾಗಲ್ಲ, ಭಾರೀ ದೊಡ್ಡವಂತೆ, ನಮ್ಮ ಸೂರ್ಯನಂಥವನ್ನು ರಾಶಿ ಹಾಕಿದ ಹಾಗೆ. ದೊಡ್ಡದು ಬೇಗ ಉರಿದು ಮುಗಿಯುತ್ತದೆ. ಮುಗಿಯುವಾಗ ಕೆಲವು ಸಿಡಿದು, ಒಳಗೆ ಬೇಯಿಸಿದ್ದನ್ನೆಲ್ಲ ಸುತ್ತಲೂ ಚೆಲ್ಲಿದವು. ಕಬ್ಬಿಣ, ಸುಣ್ಣದ ಅಂಶ, ಉಸಿರಾಡುವ ಗಾಳಿ ಎಲ್ಲ ಅಂಥ ಒಲೆಗಳಲ್ಲಿ ಬೆಂದು ಬಂದದ್ದಂತೆ. ಕೇಳುತ್ತಾ ತೆಂಗಿನ ಗರಿ ಸೀಳುತ್ತಿದ್ದ ಕತ್ತಿಯನ್ನು ತಿರುಗಿಸಿ ನೋಡಿದೆ. ಆಚಾರಿ ಮಾಡಿಕೊಟ್ಟದ್ದು ಅಂತ ಇಷ್ಟು ದಿನ ತಿಳಿದಿದ್ದೆ. ಇನ್ನು ಕೆಲವು ನಕ್ಷತ್ರಗಳು ಸಿಡಿಯದೆ ತಮ್ಮೊಳಗೆ ತಾವೇ ಕುಸಿದು ಕಪ್ಪು ಕುಳಿಯಾದವು. ಅದರೊಳಗೆ ಹೋದದ್ದು ವಾಪಸು ಬರುವುದಿಲ್ಲ, ಬೆಳಕು ಕೂಡ. ಗೋಡೆಯ ಆಚೆ ಹೋದ ನನ್ನ ಪಾತ್ರೆಗಳು ನೆನಪಾದವು.

ಹೀಗೆ ಹುಟ್ಟಿದ ನಕ್ಷತ್ರಗಳು ಗುಂಪು ಸೇರಿ, ಸಣ್ಣ ಗುಂಪು ದೊಡ್ಡ ಗುಂಪಿಗೆ ಸೇರಿ, ಈಗ ಮೇಲೆ ಹಾಲು ಚೆಲ್ಲಿದ ಹಾಗೆ ಕಾಣುತ್ತದಲ್ಲ, ಅಂಥ ನಕ್ಷತ್ರದ ಊರುಗಳಾದವು. ಅಂಥ ಊರುಗಳು ಲೆಕ್ಕವಿಲ್ಲದಷ್ಟು. ದೊಡ್ಡ ಊರುಗಳ ನಡುವೆ ಒಂದೊಂದು ಭಾರೀ ಕಪ್ಪು ಕುಳಿ ಕೂತಿರುತ್ತದಂತೆ. ಅದು ಅಷ್ಟು ಬೇಗ ಅಷ್ಟು ದೊಡ್ಡದಾದದ್ದು ಹೇಗೆ ಅಂತ ಕೇಳಿದೆ. ಗೊತ್ತಿಲ್ಲ ಅಂದಳು. ನಿನಗೆ ಗೊತ್ತಿಲ್ಲವಾ ಯಾರಿಗೂ ಗೊತ್ತಿಲ್ಲವಾ ಅಂದೆ. ಸರಿಯಾಗಿ ಯಾರಿಗೂ ಗೊತ್ತಿಲ್ಲ ಅಂದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವ ವಿದ್ಯೆ ಒಳ್ಳೆಯದೇ ಇರಬೇಕು. ನಮ್ಮ ಊರಿನಲ್ಲಿ ಕುತ್ರಿ ಸುಟ್ಟಾಗ ಎಲ್ಲರಿಗೂ ಎಲ್ಲವೂ ಗೊತ್ತಿತ್ತು.

ಅವಳು ಓದಲು ಒಳಗೆ ಹೋದಳು, ನಾನು ಅಲ್ಲೇ ಕೂತೆ. ಮೇಲೆ ನೋಡುವ ಅಭ್ಯಾಸ ನನಗಿಲ್ಲ. ಮಳೆ ಬರುತ್ತದಾ ಅಂತ ನೋಡುವುದು ಬಿಟ್ಟರೆ ಆಕಾಶದ ಜೊತೆ ನನಗೆ ವ್ಯವಹಾರ ಇರಲಿಲ್ಲ. ಆವತ್ತು ನೋಡಿದೆ. ಆ ಮೊದಲ ಬೆಳಕು ಬಂದಾಗ ನೋಡಲು ಒಂದು ಕಣ್ಣೂ ಇರಲಿಲ್ಲವಲ್ಲ. ಬೆಳಗಾಯಿತು ಅನ್ನಲು ಒಂದು ಕೋಳಿ ಇಲ್ಲ. ಯಾರು ಹೊತ್ತಿಸಿದ್ದು ಅಂತ ಬಯ್ಯಲು ಒಬ್ಬ ಓರಗಿತ್ತಿ ಇಲ್ಲ. ಎಷ್ಟೋ ಕಾಲದ ಕತ್ತಲೆಯ ನಡುವೆ, ಹೊರಗೆ ಥಂಡಿ, ಒಳಗೆ ಸದ್ದಿಲ್ಲದ ಕೆಂಪು. ನಾನು ಅದನ್ನು ನೋಡಿದ್ದೆ. ಅಷ್ಟು ದೊಡ್ಡದನ್ನಲ್ಲ, ಹುಲ್ಲಿನ ತೂತಿನಲ್ಲಿ, ಕೈಯಗಲದಷ್ಟು.

ಒಳಗೆ ಹೋಗಿ ಅವಳ ಪುಸ್ತಕ ಮುಚ್ಚಿಸಿದೆ. ಹುಲ್ಲು ಹಾಗೆ ತಾನೇ ಹೊತ್ತಿಕೊಳ್ಳುತ್ತದಾ, ನಿನ್ನ ಮೇಡಂ ಹತ್ತಿರ ಕೇಳಿಕೊಂಡು ಬಾ ಅಂದೆ. ಯಾಕೆ ಅಂತ ಕೇಳಿದಳು. ಕೇಳಿಕೊಂಡು ಬಾ ಅಂದೆ.

ಮರುದಿನ ಸಂಜೆ ಚೀಲ ಇಡುವ ಮೊದಲೇ ಹೇಳಿದಳು. ಹೊತ್ತಿಕೊಳ್ಳುತ್ತದೆ. ಹಸಿ ಹುಲ್ಲನ್ನು ಒತ್ತಿ ದೊಡ್ಡ ರಾಶಿ ಹಾಕಿದರೆ ಒಳಗೆ ಕಣ್ಣಿಗೆ ಕಾಣದ ಜೀವಿಗಳು ಬೆಳೆದು ಬಿಸಿಯಾಗುತ್ತದೆ, ಬಿಸಿ ಹೊರಗೆ ಹೋಗಲಾಗದೆ ಏರುತ್ತಾ ಹೋಗಿ, ಗಾಳಿ ಸಿಕ್ಕಿದಾಗ ಬೆಂಕಿ. ನಕ್ಷತ್ರದ್ದು ಬೇರೆ, ಇದು ಬೇರೆ, ಎರಡನ್ನೂ ಕಲಸಬೇಡಿ ಅಂತಲೂ ಹೇಳಿದಳು. ಕಲಸಲಿಲ್ಲ. ಎರಡು ಕಡೆಯೂ ಕೆಂಡ ತಂದವರಿಲ್ಲ ಅನ್ನುವುದಷ್ಟೇ ನನಗೆ ಬೇಕಾಗಿತ್ತು.

"ಇನ್ನೊಂದ್ ಹೇಳಿರ್ ಮೇಡಂ," ಅಂದಳು, "ಬೆಂಕಿ ಹತ್ತುಕ್ ಮುಂಚೆ ಬೆಲ್ಲ ಸುಟ್ಟಂಗೆ ವಾಸ್ನೆ ಬತ್ತ್ ಅಂಬ್ರ್."

ನಾನು ಹಿಡಿದಿದ್ದ ಚಾ ಲೋಟವನ್ನು ಕೆಳಗಿಟ್ಟೆ. ಸೀದಾ ಗೋಡೆಯ ಆಚೆ ಹೋದೆ. ಅಕ್ಕ ಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ನಾನು ಅವರ ಅಡುಗೆಮನೆಗೆ ಕಾಲಿಟ್ಟದ್ದು ಕಂಡು ತುರಿಯುವುದನ್ನು ನಿಲ್ಲಿಸಿದರು.

"ಅಕ್ಕ, ಕುತ್ರಿ ಸುಡುಕ್ ಮುಂಚೆ, ಎರಡ್ ದಿನ, ನೀವ್ ಹಾಲ್‌ಬಾಯಿ ಮಾಡಿದ್ರ್ಯಾ?"

"ನಾನಾ? ಮಾಡಿದ್ದ್ ನೀನಲ್ದಾ? ಬಾಗ್ಲ್ ಹಾಯ್ಕಂಡ್ ತಿಂದದ್ ನೀನ್."

"ನಾ ಮಾಡ್ಲಿಲ್ಲೆ."

"ನಾನೂ ಮಾಡ್ಲಿಲ್ಲೆ."

ಆ ಎರಡು ದಿನ ಗೋಡೆಯ ಆಚೆ ಅವರ ಹೊಟ್ಟೆ ಉರಿದದ್ದು, ಈಚೆ ನನ್ನ ಹೊಟ್ಟೆ ಉರಿದದ್ದು, ಹಟ್ಟಿಯ ಹಿಂದೆ ಕುತ್ರಿಯ ಹೊಟ್ಟೆ ಉರಿದದ್ದು. ಒಬ್ಬರು ಬಾಯಿಬಿಟ್ಟು ಕೇಳಿದ್ದರೂ ಸಾಕಿತ್ತು, ವಾಸನೆ ಎಲ್ಲಿಂದ ಅಂತ ಹುಡುಕುತ್ತಿದ್ದೆವು. ನಾನು ಅಶ್ವಿನಿಯನ್ನು ಕರೆದು ಮೇಡಂ ಹೇಳಿದ್ದನ್ನೆಲ್ಲ ಅವರಿಗೂ ಹೇಳಿಸಿದೆ. ಅಕ್ಕ ಪೂರ್ತಿ ಕೇಳಿದರು. ಕೇಳಿ, ಮತ್ತೆ ತುರಿಯಲು ಶುರು ಮಾಡಿದರು. ತಪ್ಪಾಯಿತು ಅಂತ ಹೇಳುವ ಹೆಂಗಸಲ್ಲ ಅವರು. ಕಾಯಿ ಮುಗಿದ ಮೇಲೆ ತಲೆ ಎತ್ತದೆ ಅಂದರು:

"ಈ ಸಲ ಹೊಸ್ತಿಗೆ ಒಲಿ ನೀನೇ ಹೊತ್ಸ್. ನಂಗ್ ಬಗ್ಗುಕಾತಿಲ್ಲೆ."

ಆ ವರ್ಷ ನಾನೇ ಹೊತ್ತಿಸಿದೆ. ಮೊದಲ ಕಡ್ಡಿ ಆರಿತು, ಇನ್ನೊಂದು ಹತ್ತಿತು. ಅಕ್ಕ ಪಕ್ಕದಲ್ಲಿ ಕೂತು ಸೌತೆಕಾಯಿ ಹೆಚ್ಚುತ್ತಾ ಇದ್ದರು, ಬಗ್ಗಿಯೇ ಹೆಚ್ಚುತ್ತಿದ್ದರು. ನಾನು ನೋಡಿಯೂ ನೋಡದ ಹಾಗೆ ಇದ್ದೆ. ನಕ್ಷತ್ರದ ಬೆಳಕು ನಮ್ಮನ್ನು ಮುಟ್ಟಲು ಎಷ್ಟೋ ವರ್ಷ ಬೇಕು ಅಂತ ಅಶ್ವಿನಿ ಹೇಳಿದ್ದಳು. ನಮ್ಮ ಕುತ್ರಿಯ ಬೆಳಕು ಗೋಡೆಯ ಆಚೆ ಮುಟ್ಟಲು ಹಿಡಿದದ್ದು ಅದಕ್ಕಿಂತ ಕಡಿಮೆಯೇ.

ಅಶ್ವಿನಿಗೆ ಬಹುಮಾನ ಬರಲಿಲ್ಲ. ಭಾಷಣದಲ್ಲಿ ಹುಲ್ಲಿನ ಕುತ್ರಿಯನ್ನು ಸೇರಿಸಿದ್ದಳಂತೆ. ಉದಾಹರಣೆ ಸರಿಯಿಲ್ಲ ಅಂತ ತೀರ್ಪು ಕೊಡುವವರು ಹೇಳಿದರಂತೆ. ಅವರು ಹೇಳಿದ್ದು ಸರಿಯೇ, ನಾನು ಅವಳಿಗೆ ಹಾಗೇ ಅಂದೆ. ಈಗ ಅವಳು ಬ್ರಹ್ಮಾವರದಲ್ಲಿ ಶಾಲೆಯ ಮಕ್ಕಳಿಗೆ ಕಲಿಸುತ್ತಾಳೆ. ಅಲ್ಲಿಯೂ ಕುತ್ರಿ ಹೇಳುತ್ತಾಳಾ ಅಂತ ಕೇಳಿಲ್ಲ.

ಇವತ್ತು ಬೆಳಿಗ್ಗೆ ಹುಲ್ಲಿನೊಳಗೆ ಕೈ ಇಟ್ಟುಕೊಂಡು ನಿಂತಿದ್ದೆನಲ್ಲ, ಹಿಂದಿನಿಂದ ಅಕ್ಕನ ಸ್ವರ ಬಂತು.

"ಹ್ವಾಯ್, ಎಂತ ಹುಡ್ಕುದ್ ನೀನ್ ಅಲ್ಲಿ?"

"ಬೆಲ್ಲದ್ ವಾಸ್ನೆ ಬಂತಲೆ ಅಕ್ಕ. ಬಿಸಿ ಇತ್ತಾ ಕಾಂತಿದ್ದೆ."

"ಹಾಲ್‌ಬಾಯಿ. ಈ ಸಲ ನಾನೇ ಮಾಡಿದ್ದ್. ಕೈ ತೊಳ್ಕಂಡ್ ಬಾ."

ಬತ್ತೆ ಅಂದೆ. ಆದರೆ ಕೈಯನ್ನು ಕೂಡಲೇ ತೆಗೆಯಲಿಲ್ಲ. ಈಗಿನ ಕುತ್ರಿ ಸಣ್ಣದು, ಒಂದು ದನಕ್ಕೆ ಸಾಕಾಗುವಷ್ಟು, ಚೆನ್ನಾಗಿ ಒಣಗಿಸಿ ಹಾಕಿದ್ದು. ಹೆದರಲು ಏನೂ ಇಲ್ಲ. ಆದರೂ ಬೆರಳಿನ ತುದಿಗೆ, ಆ ಕತ್ತಲಲ್ಲಿ, ಒಂದು ಸಣ್ಣ ಬಿಸುಪು ಇತ್ತು. ಹುಲ್ಲಿನದೋ ನನ್ನ ಕೈಯದೇ ಬಿಸಿಯೋ ಗೊತ್ತಾಗಲಿಲ್ಲ. ಹೊರಗೆ ಬಿಸಿಲು ಏರುತ್ತಿತ್ತು. ಅಕ್ಕ ಇನ್ನೊಮ್ಮೆ ಕರೆಯುವ ತನಕ ಹಾಗೇ ನಿಂತಿದ್ದೆ.